ಮೂರನ್ನೂ ಓದಬೇಕು ಅನ್ನುವವರಿಗೆ: ಮುಂಬೈ, ಪುಣೆ, ಗೋವಾದಲ್ಲಿ ಯಾವ ದಾರಿ ಯಾರಿಗೆ?

ಪಿಪಿಇ ಅಂದರೆ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಸೇರಿಸಿ ಓದುವ ಪದವಿ. (ಕೊರೋನಾ ಆದಮೇಲೆ ಈ ಹೆಸರು ಕೇಳಿದರೆ ಅಪ್ಪ ಅಮ್ಮಂದಿರಿಗೆ ಮೊದಲು ಆಸ್ಪತ್ರೆಯ ಕಿಟ್ ನೆನಪಾಗುತ್ತದೆ, ಇರಲಿ.) ಮುಂಬೈ, ಪುಣೆ, ಗೋವಾದ ಕನ್ನಡದ ಮನೆಗಳಲ್ಲೂ ಹನ್ನೆರಡನೇ ಮುಗಿಸಿದ ಮಕ್ಕಳು ಈಗ ಇದನ್ನು ಕೇಳುತ್ತಿದ್ದಾರೆ. ತೊಂದರೆ ಏನೆಂದರೆ, ಈ ಭಾಗದಲ್ಲಿ ಅದೇ ಹೆಸರಿನ ಬಿ.ಎ. ಹುಡುಕಿಕೊಂಡು ಹೊರಟರೆ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದೆಲ್ಲ ಬಿಡಿ ಭಾಗಗಳು. ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಗಟ್ಟಿ ಇದೆ, ಇನ್ನೊಂದರಲ್ಲಿ ತತ್ವಶಾಸ್ತ್ರದ ವಿಭಾಗ ಉಳಿದುಕೊಂಡಿದೆ, ಮತ್ತೊಂದರಲ್ಲಿ ಮೂರೂ ಇವೆ, ಆದರೆ ಟೈಮ್‌ಟೇಬಲ್ ಸೇರುವುದಿಲ್ಲ.

ನಾನು ಮುಂಬೈ ಉಪನಗರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆಗೇ ವಾಲಿರುತ್ತದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಮುಂದೆ ಓದಿ.

ಈ ಪದವಿ ಎಲ್ಲಿಂದ ಬಂತು

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1920ರ ಸುಮಾರಿಗೆ ಇದನ್ನು ಶುರು ಮಾಡಿತು. ಅದಕ್ಕೂ ಮೊದಲು ಅಲ್ಲಿ ಸರ್ಕಾರಿ ಕೆಲಸಕ್ಕೆ ಹೋಗುವ ಬುದ್ಧಿವಂತ ಹುಡುಗರು ಗ್ರೀಕ್, ಲ್ಯಾಟಿನ್ ಓದಿಕೊಂಡು ಹೋಗುತ್ತಿದ್ದರು. ಅದರ ಬದಲು ಈಗಿನ ಕಾಲದ ರಾಜ್ಯ, ಹಣ, ನೀತಿ ಓದಿಸೋಣ ಅನ್ನುವುದು ಹೊಸ ಪದವಿಯ ಹಿಂದಿನ ಯೋಚನೆ. ಬೆನಜೀರ್ ಭುಟ್ಟೊ, ಡೇವಿಡ್ ಕ್ಯಾಮರೂನ್, ರಿಷಿ ಸುನಕ್ ಎಲ್ಲ ಓದಿದ್ದು ಇದನ್ನೇ.

ನಮ್ಮವರಲ್ಲಿ ಗಿರೀಶ ಕಾರ್ನಾಡರು. ಹುಟ್ಟಿದ್ದು ಮುಂಬೈ ಹತ್ತಿರದ ಮಾಥೇರಾನ್‌ನಲ್ಲಿ. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ ಬಿ.ಎ. ಮಾಡಿದರು. ಆಮೇಲೆ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ಈ ಮೂರು ವಿಷಯ. ಅಲ್ಲಿನ ವಿದ್ಯಾರ್ಥಿಗಳ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್ನಿಗೆ ಅಧ್ಯಕ್ಷರೂ ಆದರು. ಬಂದು ಮಾಡಿದ್ದು ನಾಟಕ, ಸಿನಿಮಾ. ‘ಇದನ್ನು ಓದಿದರೆ ಮುಂದೆ ಏನು ಕೆಲಸ?’ ಅಂತ ಕೇಳುವವರಿಗೆ ಇದು ಸಮಾಧಾನದ ಉತ್ತರ ಅಲ್ಲ ಬಿಡಿ.

ಆಕ್ಸ್‌ಫರ್ಡಿನ ಒಂದು ನಿಯಮ ಮಾತ್ರ ನಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮೊದಲ ವರ್ಷ ಎಲ್ಲರೂ ಮೂರನ್ನೂ ಓದಬೇಕು. ಎರಡನೇ ವರ್ಷದಿಂದ ಬೇಕಾದರೆ ಒಂದನ್ನು ಬಿಡಬಹುದು. ಅಂದರೆ ಈ ಪದವಿಯ ತವರಿನಲ್ಲೇ ಮೂರೂ ಕೊನೆಯವರೆಗೆ ಸಮಸಮನಾಗಿ ನಡೆಯಲೇಬೇಕು ಅಂತಿಲ್ಲ. ನೀವು ಕಾಲೇಜು ಹುಡುಕುವಾಗಲೂ ಮೂರೂ ಸಮ ಇರಬೇಕು ಅಂತ ಹಟ ಹಿಡಿಯಬೇಡಿ. ಯಾವುದು ಮುಖ್ಯ, ಯಾವುದು ಜೊತೆಗೆ, ಯಾವುದನ್ನು ಸ್ವಂತ ಓದಿಗೆ ಬಿಡಬಹುದು ಅನ್ನುವುದನ್ನು ಮೊದಲು ತೀರ್ಮಾನಿಸಿ. ಕಾಲೇಜಿನ ಹೆಸರು ಆಮೇಲಿನ ಮಾತು.

ಇನ್ನೊಂದು ಉದಾಹರಣೆ ಮುಂಬೈಯದ್ದೇ. ಬಾಬಾಸಾಹೇಬ್ ಅಂಬೇಡ್ಕರ್ 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡಿದರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಎಡ್ವಿನ್ ಸೆಲಿಗ್ಮನ್ ಹತ್ತಿರ ಅರ್ಥಶಾಸ್ತ್ರ, ಜಾನ್ ಡ್ಯೂಯಿ ಹತ್ತಿರ ತತ್ವಶಾಸ್ತ್ರ ಕಲಿತರು. ವಾಪಸು ಬಂದು ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದರು. 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಬರೆದ ಪ್ರಬಂಧಕ್ಕೆ ಡಿ.ಎಸ್‌ಸಿ. ಪಡೆದರು. ಇದರಲ್ಲಿ ಎಲ್ಲೂ ಪಿಪಿಇ ಅನ್ನುವ ಹೆಸರಿಲ್ಲ. ಆದರೆ ಓದಿದ್ದೆಲ್ಲ ಅದೇ ತಾನೆ?

ಮೂರೂ ಯಾಕೆ ಬೇಕು: ಮಹದಾಯಿ ಹಿಡಿದು ನೋಡಿ

ಮೂರು ವಿಷಯ ಸೇರಿಸಿ ಓದುವುದೆಂದರೆ ಸುಮ್ನೆ ಮೂರು ಪುಸ್ತಕ ಹೊರುವುದಲ್ಲ ಅಂತ ತೋರಿಸೋಕೆ ನಾನು ಹಿಡಿಯುವ ಉದಾಹರಣೆ ಮಹದಾಯಿ. ಗೋವಾದ ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ನದಿ, ಗೋವಾದೊಳಗೆ ಮಾಂಡವಿಯಾಗಿ ಪಣಜಿ ಹತ್ತಿರ ಸಮುದ್ರ ಸೇರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯವರು ಕುಡಿಯುವ ನೀರು ಕೊಡಿ ಅನ್ನುತ್ತಾರೆ. ಗೋವಾದವರು ನದಿ ಒಣಗುತ್ತದೆ, ಉಪ್ಪುನೀರು ಒಳಗೆ ನುಗ್ಗುತ್ತದೆ ಅನ್ನುತ್ತಾರೆ. 2010ರಲ್ಲಿ ನ್ಯಾಯಮಂಡಳಿ ಕೂತಿತು. 2018ರ ಆಗಸ್ಟ್‌ನಲ್ಲಿ ಬಂದ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು), ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು.

ಅರ್ಥಶಾಸ್ತ್ರದವನು ಮೊದಲು ಆ 13.42 ಅನ್ನು ಬಿಡಿಸಿ ನೋಡುತ್ತಾನೆ. ಅದರಲ್ಲಿ 8.02 ಟಿಎಂಸಿ ಜಲವಿದ್ಯುತ್ತಿಗೆ. ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 1.72 ಮತ್ತು 2.18, ಒಟ್ಟು 3.90. ಅಂದರೆ ಬೀದಿಯಲ್ಲಿ ಕೂಗಿದ್ದು ಕುಡಿಯುವ ನೀರಿಗೆ, ಲೆಕ್ಕದಲ್ಲಿ ದೊಡ್ಡ ಪಾಲು ಕರೆಂಟಿಗೆ. ಒಂದು ಟಿಎಂಸಿ ನೀರು ಎಲ್ಲಿ ಹರಿದರೆ ಎಷ್ಟು ಬೆಲೆ, ಕಾಲುವೆಗೆ ಆಗುವ ಖರ್ಚು ಯಾರ ತಲೆ ಮೇಲೆ, ಇವು ಅವನ ಪ್ರಶ್ನೆಗಳು.

ರಾಜ್ಯಶಾಸ್ತ್ರದವಳು ಬೇರೆ ಕಡೆಯಿಂದ ಬರುತ್ತಾಳೆ. ಸಂವಿಧಾನದ 262ನೇ ವಿಧಿ ಏನು ಹೇಳುತ್ತದೆ, 1956ರ ಅಂತರರಾಜ್ಯ ನದಿ ವಿವಾದ ಕಾಯ್ದೆಯಲ್ಲಿ ನ್ಯಾಯಮಂಡಳಿಗೆ ಎಷ್ಟು ಬಲ ಇದೆ, ತೀರ್ಪು ಬಂದಮೇಲೂ ಕೆಲಸ ಯಾಕೆ ನಿಲ್ಲುತ್ತದೆ, ಚುನಾವಣೆ ಹತ್ತಿರ ಬಂದಾಗ ಮಾತ್ರ ನದಿ ಯಾಕೆ ನೆನಪಾಗುತ್ತದೆ. ಒಂದೇ ಪಕ್ಷದವರು ಬೆಳಗಾವಿಯಲ್ಲಿ ಒಂದು, ಪಣಜಿಯಲ್ಲಿ ಇನ್ನೊಂದು ಹೇಳುವುದನ್ನು ಅವಳು ಆಶ್ಚರ್ಯಪಡದೆ ವಿವರಿಸಬಲ್ಲಳು.

ತತ್ವಶಾಸ್ತ್ರ ಇವೆರಡರ ಅಡಿಗೆ ಹೋಗುತ್ತದೆ. ನದಿ ಯಾರದು? ಹುಟ್ಟಿದ ಊರಿನವರದಾ, ಹರಿಯುವ ಊರಿನವರದಾ, ಬಾಯಾರಿದವರದಾ? ಇನ್ನೂ ಹುಟ್ಟದ ಮಕ್ಕಳಿಗೆ, ಕಾಡಿನ ಪ್ರಾಣಿಗಳಿಗೆ ಅದರಲ್ಲಿ ಪಾಲು ಇದೆಯಾ? ಅಗತ್ಯ ಜಾಸ್ತಿ ಇರುವವರಿಗೆ ಜಾಸ್ತಿ ಕೊಡುವುದು ನ್ಯಾಯವೋ, ಮೊದಲಿಂದ ಬಳಸುತ್ತಿರುವವರದ್ದನ್ನು ಕಾಪಾಡುವುದು ನ್ಯಾಯವೋ? ವಾಸ್ಕೋದಲ್ಲಿ ಕೂತ ಉತ್ತರ ಕರ್ನಾಟಕದ ಕುಟುಂಬಕ್ಕೆ ಇದು ಪರೀಕ್ಷೆಯ ಪ್ರಶ್ನೆ ಅಲ್ಲ. ಊರಲ್ಲಿ ಅಣ್ಣನ ಮನೆಗೆ ನೀರು ಬೇಕು. ಇಲ್ಲಿ ತಮ್ಮದೇ ಮನೆಯ ನಲ್ಲಿಗೂ ನೀರು ಬೇಕು.

ಇಂಥ ಒಂದು ವಿಷಯ ಹಿಡಿದಾಗ ನಿಮ್ಮ ಮಗ ಅಥವಾ ಮಗಳು ಮೊದಲು ಯಾವ ಪ್ರಶ್ನೆ ಕೇಳುತ್ತಾರೆ, ಗಮನಿಸಿ. ‘ಎಷ್ಟು?’ ಅನ್ನುತ್ತಾರಾ, ‘ಯಾರು ತೀರ್ಮಾನಿಸಿದರು?’ ಅನ್ನುತ್ತಾರಾ, ‘ಅದು ಸರಿಯಾ?’ ಅನ್ನುತ್ತಾರಾ? ಮುಖ್ಯ ವಿಷಯ ಯಾವುದು ಅನ್ನುವುದಕ್ಕೆ ಕೌನ್ಸೆಲರ್‌ಗೆ ದುಡ್ಡು ಕೊಡುವುದಕ್ಕಿಂತ ಇದು ಒಳ್ಳೆಯ ದಾರಿ.

ಗಣಿತದ ಮಾತು ಮೊದಲು

ಕಾಲೇಜುಗಳ ಹೋಲಿಕೆಗೆ ಮೊದಲು ಇದನ್ನು ಹೇಳಲೇಬೇಕು. ಯಾಕೆಂದರೆ ಎಷ್ಟೋ ಬಾಗಿಲು ಮುಚ್ಚುವುದು ಇಲ್ಲೇ, ಅದೂ ಹನ್ನೊಂದನೇ ತರಗತಿಯಲ್ಲೇ.

ಮಹಾರಾಷ್ಟ್ರದ ಜೂನಿಯರ್ ಕಾಲೇಜಿನಲ್ಲಿ ಕಾಮರ್ಸ್ ತೆಗೆದುಕೊಂಡವರಿಗೆ ಗಣಿತ ಅಥವಾ ಎಸ್‌ಪಿ ಅಂತ ಆಯ್ಕೆ ಇರುತ್ತದೆ. ಎಸ್‌ಪಿ ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್, ಪತ್ರ ಬರೆಯುವುದು, ಕಂಪನಿ ಕಾಗದಪತ್ರ ಇತ್ಯಾದಿ. ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಅಂತ ಬಹಳ ಮಕ್ಕಳು ಎಸ್‌ಪಿ ಹಿಡಿಯುತ್ತಾರೆ. ಬಿ.ಎ. ಅರ್ಥಶಾಸ್ತ್ರಕ್ಕೆ ಹಾಗೂ ಹೀಗೂ ಸೀಟು ಸಿಗುತ್ತದೆ. ಆದರೆ ಒಳ್ಳೆಯ ಸಂಸ್ಥೆಯಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ. ಅರ್ಥಶಾಸ್ತ್ರಕ್ಕೆ ಹೋಗಬೇಕು ಅಂದಾಗ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಖ್ಯಾಶಾಸ್ತ್ರ ಮೂರೂ ಅಡ್ಡ ನಿಲ್ಲುತ್ತವೆ. ಗೋರೆಗಾಂವ್‌ನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಅಂದರೆ ರಿಸರ್ವ್ ಬ್ಯಾಂಕ್ 1987ರಲ್ಲಿ ಕಟ್ಟಿದ ಐಜಿಐಡಿಆರ್, ಮುಂಬೈಯಲ್ಲೇ ಇರುವ ಅಂಥ ಜಾಗ. ಅಲ್ಲಿ ಗಣಿತ ಬರದೆ ಏನೂ ನಡೆಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ತರಗತಿಯಲ್ಲಿ ಕೂತು ಓದುವುದಕ್ಕೆ ಅರ್ಥಶಾಸ್ತ್ರವನ್ನೇ ಮುಖ್ಯ ಮಾಡಿಕೊಳ್ಳಿ, ಅದರ ಗಣಿತವನ್ನು ಒಬ್ಬರೇ ಕೂತು ಕಲಿಯುವುದು ಕಷ್ಟ. ತತ್ವಶಾಸ್ತ್ರವನ್ನು ಜೊತೆಯ ವಿಷಯ ಮಾಡಿಕೊಳ್ಳಿ, ಅದಕ್ಕೆ ಎದುರು ಕೂತು ವಾದ ಮಾಡುವ ಜನ ಬೇಕು. ರಾಜ್ಯಶಾಸ್ತ್ರವನ್ನು ಓದಿ, ಪತ್ರಿಕೆ ನೋಡಿ, ಕೋರ್ಟ್ ತೀರ್ಪು ಓದಿ ಬಹಳ ಮಟ್ಟಿಗೆ ಹಿಡಿಯಬಹುದು. (ಸ್ಟಾಫ್ ರೂಮಿನಲ್ಲಿ ರಾಜ್ಯಶಾಸ್ತ್ರದ ಮೇಡಂ ಎದುರು ಇದನ್ನು ಹೇಳಿದರೆ ಅವತ್ತು ಚಹಾ ಸಿಗಲ್ಲ.) ಗಣಿತ ಕಂಡರೆ ನಿಜಕ್ಕೂ ಆಗದ ಮಕ್ಕಳಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಅವರಿಗೆ ಬೇರೆ ದಾರಿ ಕೆಳಗಿದೆ.

ಪುಣೆ

ಈ ಮೂರು ಕಡೆಗಳಲ್ಲಿ ಆಯ್ಕೆ ಹೆಚ್ಚು ಇರುವುದು ಪುಣೆಯಲ್ಲೇ. ಫರ್ಗ್ಯುಸನ್ ಕಾಲೇಜು ಮತ್ತು ಗೋಖಲೆ ಸಂಸ್ಥೆ ಎರಡೂ ನಡೆದು ಹೋಗುವಷ್ಟು ಹತ್ತಿರ. ಆದರೆ ಒಳಗೆ ಹೋದರೆ ಎರಡು ಬೇರೆ ಲೋಕ.

ಫರ್ಗ್ಯುಸನ್ 1885ರದ್ದು. ಬೇಂದ್ರೆಯವರು ಬಿ.ಎ. ಮಾಡಿದ್ದು ಇಲ್ಲೇ. ಧಾರವಾಡ, ಬೆಳಗಾವಿ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಉತ್ತರ ಕರ್ನಾಟಕದ ಹುಡುಗರಿಗೆ ಪುಣೆ ಪರಊರೇ ಆಗಿರಲಿಲ್ಲ. ಇಲ್ಲಿ ಮೂರೂ ವಿಷಯಗಳ ವಿಭಾಗಗಳಿವೆ. ಕಲಾ ವಿಭಾಗದಲ್ಲಿ ಸೇರಿದರೆ ಒಂದನ್ನು ಮೇಜರ್ (ಮುಖ್ಯ ವಿಷಯ), ಇನ್ನೊಂದನ್ನು ಮೈನರ್ (ಜೊತೆಯ ವಿಷಯ) ಮಾಡಿಕೊಂಡು ಮೂರನೆಯದನ್ನು ಐಚ್ಛಿಕವಾಗಿ ತೆಗೆದುಕೊಳ್ಳುವ ಸಾಧ್ಯತೆ ಕೇಳಿ ನೋಡಬಹುದು. ಅನುದಾನಿತ ವಿಭಾಗದಲ್ಲಿ ಫೀಸು ಕಡಿಮೆ. ಆದರೆ ಇಲ್ಲಿ ಯಾರೂ ಮೂರನ್ನೂ ಹೆಣೆದು ಕೊಡುವುದಿಲ್ಲ. ಬೆಳಗ್ಗೆ ಬೇಡಿಕೆ-ಪೂರೈಕೆ, ಮಧ್ಯಾಹ್ನ ನೀತಿಶಾಸ್ತ್ರ. ಎರಡಕ್ಕೂ ಏನು ಸಂಬಂಧ ಅನ್ನುವುದನ್ನು ವಿದ್ಯಾರ್ಥಿಯೇ ಕಂಡುಕೊಳ್ಳಬೇಕು. ಸ್ವಂತ ಬುದ್ಧಿಯಿಂದ ಓದುವ ಮಗುವಿಗೆ ಇದು ಸಾಕು. ಹಿಂದೆ ಬಿದ್ದು ಓದಿಸಬೇಕಾದ ಮಗುವಿಗೆ ಸಾಲದು.

ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯ ಹೆಸರು ನೋಡಿ ಮೋಸಹೋಗಬೇಡಿ. ಹೆಸರಲ್ಲಿ ರಾಜಕೀಯ ಮೊದಲು, ಪಾಠದಲ್ಲಿ ಮುಕ್ಕಾಲುಪಾಲು ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ. 1930ರಲ್ಲಿ ಶುರುವಾದ ಈ ಸಂಸ್ಥೆಯ ಮೊದಲ ನಿರ್ದೇಶಕರು ಡಿ.ಆರ್. ಗಾಡಗೀಳ್. ರಾಜ್ಯಗಳಿಗೆ ಕೇಂದ್ರದ ಯೋಜನಾ ನೆರವು ಹಂಚುತ್ತಿದ್ದ ‘ಗಾಡಗೀಳ್ ಸೂತ್ರ’ದ ಗಾಡಗೀಳ್ ಅವರೇ. ಇಲ್ಲಿನ ಹಳೆಯ ಪರಂಪರೆ ನಿಜಕ್ಕೂ ಮೂರೂ ಬೆರೆತದ್ದು. ಇಲ್ಲಿನ ಕಾಳೆ ಸ್ಮಾರಕ ಉಪನ್ಯಾಸದಲ್ಲಿ 1939ರ ಜನವರಿಯಲ್ಲಿ ಅಂಬೇಡ್ಕರ್ ಮಾತಾಡಿದ್ದು ಒಕ್ಕೂಟ ಮತ್ತು ಸ್ವಾತಂತ್ರ್ಯದ ಬಗ್ಗೆ. ಪುಣೆಯಲ್ಲೇ ಕೆಲಸ ಮಾಡಿದ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ದಿನಕ್ಕೆ 2,250 ಕ್ಯಾಲೊರಿ ಊಟ ಸಿಗುವಷ್ಟು ಖರ್ಚು ಮಾಡಲಾರದವರು ಬಡವರು ಅಂತ ಗೆರೆ ಎಳೆದು ಲೆಕ್ಕ ಹಾಕಿದರು. ಲೆಕ್ಕ ಅರ್ಥಶಾಸ್ತ್ರದ್ದು. ಆದರೆ ಹೊಟ್ಟೆ ತುಂಬಿದರೂ ಬಟ್ಟೆ, ಮದ್ದು, ಶಾಲೆ, ಮರ್ಯಾದೆ ಇಲ್ಲದವನು ಬಡವ ಅಲ್ಲವಾ? ಆ ಪ್ರಶ್ನೆ ತತ್ವಶಾಸ್ತ್ರದ್ದು. ಇವತ್ತಿನ ಬಿ.ಎಸ್‌ಸಿ. ಅರ್ಥಶಾಸ್ತ್ರ ನಿಮ್ಮನ್ನು ಲೆಕ್ಕದ ಭಾಗದಲ್ಲಿ ಗಟ್ಟಿ ಮಾಡುತ್ತದೆ. ಉಳಿದದ್ದನ್ನು ನೀವೇ ಹೊರಗೆ ಹುಡುಕಬೇಕು. ಸೇರಲು ಪ್ರವೇಶ ಪರೀಕ್ಷೆ ಇದೆ.

ಖಾಸಗಿ ಲಿಬರಲ್ ಆರ್ಟ್ಸ್ ಕಡೆಗೆ ಬಂದರೆ ಲವಳೆಯ ಫ್ಲೇಮ್, ವಿಮಾನ್ ನಗರದ ಸಿಂಬಯಾಸಿಸ್ ಲಿಬರಲ್ ಆರ್ಟ್ಸ್ ಇವೆ. ಹೆಣೆದು ಕೊಡುವ ಕೆಲಸವನ್ನು ಇವರು ಮಾಡುತ್ತಾರೆ. ತರಗತಿ ಚಿಕ್ಕದು, ಚರ್ಚೆ ಜಾಸ್ತಿ, ಬರೆಸುವುದೂ ಜಾಸ್ತಿ. ಮೊದಲ ವರ್ಷ ನಾಲ್ಕಾರು ವಿಷಯ ರುಚಿ ನೋಡಿ ಆಮೇಲೆ ಮೇಜರ್ ಹಿಡಿಯಬಹುದು. ಫೀಸು ಲಕ್ಷಗಳಲ್ಲಿ. ಹಾಸ್ಟೆಲ್ ಬೇರೆ. ಸಾಲ ಮಾಡಿ ಕಳಿಸುವುದಾದರೆ ನನಗೆ ಹಿಂಜರಿಕೆ ಇದೆ. ಬಿ.ಎ. ಮುಗಿದ ಕೂಡಲೇ ಸಿಗುವ ಕೆಲಸದ ಸಂಬಳ ಅಂಥ ಸಾಲದ ಕಂತಿಗೆ ಸಾಕಾಗುವುದು ಅಪರೂಪ. ವಿದ್ಯಾರ್ಥಿವೇತನ ಸಿಕ್ಕರೆ ಮಾತು ಬೇರೆ, ಹಿಂದೆಮುಂದೆ ನೋಡದೆ ಹೋಗಿ. ಪಿಪಿಇ ಅನ್ನುವ ಹೆಸರೇ ಬೇಕು ಅಂದರೆ ಹರಿಯಾಣದ ಅಶೋಕ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿಯೂ ಫೀಸಿನ ಕತೆ ಇದೇ.

ಮುಂಬೈ

ಮುಂಬೈಯಲ್ಲಿ ತತ್ವಶಾಸ್ತ್ರವೇ ಹುಡುಕಬೇಕಾದ ವಸ್ತು. ಅರ್ಥಶಾಸ್ತ್ರ ಮೂಲೆಮೂಲೆಗೂ ಇದೆ. ಮಾಟುಂಗಾದ ರುಯಿಯಾ, ಗಿರಗಾಂವ್ ಚೌಪಾಟಿಯ ವಿಲ್ಸನ್ ಇಂಥ ಹಳೆಯ ಕಾಲೇಜುಗಳಲ್ಲಿ ಮಾತ್ರ ತತ್ವಶಾಸ್ತ್ರ ಉಳಿದುಕೊಂಡಿದೆ. ರುಯಿಯಾ ಅಂದರೆ ನಮ್ಮವರಿಗೆ ಒಂದು ಲಾಭ. ಮೈಸೂರು ಅಸೋಸಿಯೇಷನ್ ಅಲ್ಲೇ ಹತ್ತಿರ, ಉಡುಪಿ ಊಟ ಅಲ್ಲೇ, ಸೆಂಟ್ರಲ್ ಲೈನಿನ ಡೊಂಬಿವಲಿ, ಮುಲುಂಡ್ ಮಕ್ಕಳಿಗೆ ಒಂದೇ ಟ್ರೇನು. ನಗಬೇಡಿ, ಮೂರು-ನಾಲ್ಕು ವರ್ಷ ದಿನಾ ಲೋಕಲ್‌ನಲ್ಲಿ ನಿಂತು ಹೋಗುವ ಮಗುವಿಗೆ ದಾರಿ ಕೂಡ ಪಠ್ಯದಷ್ಟೇ ಮುಖ್ಯ. ಫೋರ್ಟಿನ ಸೇಂಟ್ ಝೇವಿಯರ್ಸ್ ಅರ್ಥಶಾಸ್ತ್ರಕ್ಕೆ ಹೆಸರುವಾಸಿ. ಅಲ್ಲಿ ಸೀಟು ಸಿಗುವುದೇ ಕಷ್ಟ.

ಮುಂಬೈ ವಿಶ್ವವಿದ್ಯಾಲಯದ ಹಳೆಯ ಬಿ.ಎ. ಪದ್ಧತಿಯಲ್ಲಿ ಒಂದು ಒಳ್ಳೆಯ ಗುಣ ಇತ್ತು. ಎಫ್‌ವೈನಲ್ಲಿ, ಅಂದರೆ ಮೊದಲ ವರ್ಷ, ಮೂರು ವಿಷಯ, ಆಮೇಲೆ ಕಡಿಮೆಯಾಗುತ್ತಾ ಹೋಗಿ ಟಿವೈನಲ್ಲಿ, ಅಂದರೆ ಮೂರನೇ ವರ್ಷ, ಒಂದು ಅಥವಾ ಎರಡು. ಆಕ್ಸ್‌ಫರ್ಡಿನ ನಿಯಮಕ್ಕೆ ಹೆಚ್ಚುಕಡಿಮೆ ಅದೇ. ಈಗ ಹೊಸ ಶಿಕ್ಷಣ ನೀತಿ ಬಂದು ಮೇಜರ್-ಮೈನರ್ ಆಗಿದೆ. ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ನಾಲ್ಕನೇ ವರ್ಷ ಸಂಶೋಧನೆ ಮಾಡಬೇಕಾದರೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಬೇಕು. ಕಾಗದದ ಮೇಲೆ ಇದು ನಮ್ಮ ಮೂರು ವಿಷಯದ ಆಸೆಗೆ ಹೇಳಿ ಮಾಡಿಸಿದಂತಿದೆ. ನಡೆಯುವುದು ಮಾತ್ರ ಕಾಲೇಜಿನಲ್ಲಿ ಎಷ್ಟು ಟೀಚರ್‌ಗಳಿದ್ದಾರೆ ಅನ್ನುವುದರ ಮೇಲೆ. ಅರ್ಥಶಾಸ್ತ್ರ ಮೇಜರ್‌ಗೆ ತತ್ವಶಾಸ್ತ್ರ ಮೈನರ್ ಅಂತ ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿದ್ದರೂ, ನಾಲ್ಕೇ ಮಕ್ಕಳು ಬಂದರೆ ತರಗತಿಯೇ ನಡೆಯದೆ ಹೋಗಬಹುದು. ಫಾರ್ಮ್ ತುಂಬುವ ಮೊದಲು ಎಸ್‌ವೈ (ಎರಡನೇ ವರ್ಷ) ಓದುತ್ತಿರುವ ಇಬ್ಬರನ್ನು ಕಾಲೇಜು ಗೇಟಿನಲ್ಲಿ ನಿಲ್ಲಿಸಿ ಕೇಳಿ: ಈ ವರ್ಷ ಈ ಮೈನರ್ ನಿಜವಾಗಿ ನಡೆಯುತ್ತಿದೆಯಾ?

ಸ್ನಾತಕೋತ್ತರಕ್ಕೆ ಕಲೀನಾ ಕ್ಯಾಂಪಸ್ಸಿದೆ. ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿಗೆ ಪ್ರತ್ಯೇಕ ಶಾಲೆ, ರಾಜ್ಯಶಾಸ್ತ್ರ ವಿಭಾಗ, ತತ್ವಶಾಸ್ತ್ರ ವಿಭಾಗ, ಜೊತೆಗೆ ನಮ್ಮ ಕನ್ನಡ ವಿಭಾಗವೂ ಅಲ್ಲೇ. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, 1936ರದ್ದು, ಅಭಿವೃದ್ಧಿ ಅಧ್ಯಯನದಂಥ ಬೆರಕೆ ವಿಷಯಗಳಿಗೆ ಒಳ್ಳೆಯದು. ಗಣಿತ ಬೇಡ ಆದರೆ ಬಡತನ, ನೀತಿ, ನ್ಯಾಯ ಬೇಕು ಅನ್ನುವವರಿಗೆ ಐಜಿಐಡಿಆರ್‌ಗಿಂತ ಇದೇ ವಾಸಿ.

ಗೋವಾ

ಇಲ್ಲೊಂದು ತಮಾಷೆ ಇದೆ. ಇಷ್ಟು ಹೊತ್ತು ಹುಡುಕಿದ ಹೆಸರಿನ ಬೋರ್ಡ್ ಸಿಗುವುದು ಕಲಾ ಕಾಲೇಜಿನಲ್ಲಲ್ಲ, ಝುವಾರಿನಗರದ ಇಂಜಿನಿಯರಿಂಗ್ ಕ್ಯಾಂಪಸ್ಸಿನಲ್ಲಿ! ಬಿಟ್ಸ್ ಪಿಲಾನಿಯ ಮೈನರ್‌ಗಳ ಪಟ್ಟಿಯಲ್ಲಿ ‘ತತ್ವಶಾಸ್ತ್ರ, ಅರ್ಥಶಾಸ್ತ್ರ ಮತ್ತು ರಾಜಕೀಯ’ ಅನ್ನುವುದೂ ಒಂದು. ಗೋವಾ ಕ್ಯಾಂಪಸ್ಸಿನಲ್ಲಿ ಎಂ.ಎಸ್‌ಸಿ. ಅರ್ಥಶಾಸ್ತ್ರವೂ ಇದೆ, ಹನ್ನೆರಡನೇ ಆದಮೇಲೆ ನೇರವಾಗಿ ಸೇರುವಂಥದ್ದು. ಆದರೆ ಅವರ ಪ್ರವೇಶ ಪರೀಕ್ಷೆ ಬಿಟ್‌ಸ್ಯಾಟ್ ಬರೆಯಬೇಕು, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಸೈನ್ಸ್ ಓದಿದ, ಆದರೆ ಮನಸ್ಸು ಸಮಾಜದ ಕಡೆಗಿರುವ ಮಗುವಿಗೆ ಇದು ಕಣ್ಣಿಗೆ ಬೀಳದ ಒಳ್ಳೆಯ ದಾರಿ. ಅಪ್ಪನಿಗೂ ಸಮಾಧಾನ, ಬಿಟ್ಸ್ ಅಂತ ಹೇಳಿಕೊಳ್ಳಬಹುದು. ಫೀಸು ಮಾತ್ರ ಖಾಸಗಿಯದ್ದೇ.

ಗೋವಾ ವಿಶ್ವವಿದ್ಯಾಲಯ 1985ರದ್ದು, ತಾಳೆಗಾಂವ್ ಗುಡ್ಡದ ಮೇಲಿದೆ. ಅಲ್ಲಿ ಮೂರು ವಿಷಯ ಮೂರು ಬೇರೆ ಶಾಲೆಗಳ ಕೆಳಗೆ ಬರುತ್ತವೆ. ಅರ್ಥಶಾಸ್ತ್ರ ಬಿಸಿನೆಸ್ ಸ್ಕೂಲಿನಲ್ಲಿ, ರಾಜ್ಯಶಾಸ್ತ್ರ ಡಿ.ಡಿ. ಕೋಸಂಬಿ ಹೆಸರಿನ ಸಮಾಜ ವಿಜ್ಞಾನ ಶಾಲೆಯಲ್ಲಿ, ತತ್ವಶಾಸ್ತ್ರ ಸಂಸ್ಕೃತದ ಜೊತೆ. ಯಾವ ವಿಷಯಕ್ಕೆ ಯಾರು ನೆಂಟರು ಅನ್ನುವ ಬಗ್ಗೆ ಇದೂ ಒಂದು ಅಭಿಪ್ರಾಯವೇ! ಪದವಿ ಮಟ್ಟದಲ್ಲಿ ಗೋವಾದ ಎಲ್ಲ ಕಾಲೇಜುಗಳಲ್ಲಿ ತತ್ವಶಾಸ್ತ್ರ ಇಲ್ಲ. ವಾಸ್ಕೋ, ಮಡಗಾಂವ್‌ನಲ್ಲಿ ಮನೆ ಇದ್ದು ದೂರ ಕಳಿಸಲು ಆಗದವರು ಹತ್ತಿರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮೇಜರ್ ಹಿಡಿದು ಉಳಿದದ್ದನ್ನು ಮುಂದೆ ಹೇಳುವ ದಾರಿಯಲ್ಲಿ ಸೇರಿಸಿಕೊಳ್ಳಬಹುದು. ಗಣಿತಜ್ಞರಾಗಿದ್ದುಕೊಂಡೇ ಇತಿಹಾಸ ಬರೆದ ಕೋಸಂಬಿ ಹೆಸರಿನಲ್ಲಿ ಗೋವಾ ಸರ್ಕಾರ ನಡೆಸುವ ವಿಚಾರ ಮಹೋತ್ಸವ ಪಣಜಿಯಲ್ಲಿ ಆಗುತ್ತದೆ. ಹೋಗಿ ಕೂತು ಕೇಳಿ.

ಎರಡು ಪದವಿ ಒಟ್ಟಿಗೆ, ಅಥವಾ ಕಾನೂನು

2022ರಿಂದ ಯುಜಿಸಿ ಎರಡು ಪದವಿಗಳನ್ನು ಒಂದೇ ಸಮಯಕ್ಕೆ ಓದಲು ಒಪ್ಪಿಗೆ ಕೊಟ್ಟಿದೆ. ಒಂದನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ. ಕಡಿಮೆ ದುಡ್ಡಿನಲ್ಲಿ ಮೂರನ್ನೂ ಓದಬೇಕಾದವರಿಗೆ ನನ್ನ ಮೆಚ್ಚಿನ ದಾರಿ ಇದು. ಹತ್ತಿರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬಿ.ಎ. ಮಾಡಿ. ಮುಂದೆ ಅರ್ಥಶಾಸ್ತ್ರ ಎಂ.ಎ. ಓದುವಾಗ ಇಗ್ನೋದಿಂದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ತತ್ವಶಾಸ್ತ್ರ ಎಂ.ಎ. ಸೇರಿಸಿಕೊಳ್ಳಿ. ಮುಂಬೈ, ಪುಣೆ, ಗೋವಾ ಮೂರೂ ಕಡೆ ಇಗ್ನೋದ ಪ್ರಾದೇಶಿಕ ಕೇಂದ್ರ ಇದೆ. ಪುಸ್ತಕಗಳು ಒಳ್ಳೆಯವು. ಆದರೆ ಎದುರು ಕೂತು ವಾದ ಮಾಡುವವರು ಯಾರೂ ಇರುವುದಿಲ್ಲ, ಅದೇ ಕೊರತೆ. ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡುತ್ತಾ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರು ನಮ್ಮದು. ಕೆಲಸ ಮಾಡಿಕೊಂಡು ದೂರಶಿಕ್ಷಣದಲ್ಲಿ ಓದುವವರನ್ನು ಕಡಿಮೆ ಅಂತ ನೋಡುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.

ಗಣಿತ ಬೇಡವೇ ಬೇಡ ಅನ್ನುವವರಿಗೆ ಐದು ವರ್ಷದ ಕಾನೂನು ಪದವಿ. ಪುಣೆಯ ಐಎಲ್‌ಎಸ್, ಮುಂಬೈನ ಸರ್ಕಾರಿ ಕಾನೂನು ಕಾಲೇಜು, ಮಹಾರಾಷ್ಟ್ರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ, ಮಿರಾಮಾರ್‌ನ ಸಾಳಗಾಂವಕರ್ ಕಾಲೇಜು. ರಾಜ್ಯಶಾಸ್ತ್ರ ಬೇಕಾದಷ್ಟು, ಅರ್ಥಶಾಸ್ತ್ರ ಸ್ವಲ್ಪ, ನ್ಯಾಯ ಅಂದರೇನು ಅನ್ನುವ ತತ್ವಶಾಸ್ತ್ರವೂ ಒಂದು ಪೇಪರಿನಷ್ಟು. ಕೈಯಲ್ಲೊಂದು ವೃತ್ತಿಯೂ ಇರುತ್ತದೆ.

ಕೆಲಸದ ವಿಷಯ

ಸರ್ಕಾರಿ ಹುದ್ದೆಗಳ ಅರ್ಹತೆಯಲ್ಲಿ ವಿಷಯದ ಹೆಸರು ಬರೆದಿರುತ್ತದೆ. ಬೆರಕೆ ಪದವಿಗೆ ಪೆಟ್ಟು ಬೀಳುವುದು ಇಲ್ಲಿ. ಭಾರತೀಯ ಆರ್ಥಿಕ ಸೇವೆ, ಅಂದರೆ ಐಇಎಸ್ ಪರೀಕ್ಷೆಗೆ ಅರ್ಥಶಾಸ್ತ್ರ ಅಥವಾ ಅದರ ಹತ್ತಿರದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆಗೂ ಹಾಗೆಯೇ. ಬಿ.ಎ. ಬೆರಕೆ ಇದ್ದರೂ ನಡೆದೀತು, ಎಂ.ಎ. ಮಟ್ಟದಲ್ಲಿ ಒಂದು ವಿಷಯದ ಹೆಸರು ಗಟ್ಟಿಯಾಗಿ ಇರಲಿ.

ಯುಪಿಎಸ್‌ಸಿಗೆ ಯಾವ ಪದವಿಯಾದರೂ ಸಾಕು. 2013ರಿಂದ ಸಾಮಾನ್ಯ ಅಧ್ಯಯನದ ನಾಲ್ಕನೇ ಪೇಪರ್ ಪೂರ್ತಿ ನೀತಿಶಾಸ್ತ್ರದ್ದು, ಎರಡನೆಯದರಲ್ಲಿ ಆಡಳಿತ, ಮೂರನೆಯದರಲ್ಲಿ ಅರ್ಥವ್ಯವಸ್ಥೆ. ಐಚ್ಛಿಕ ವಿಷಯ ಮಾತ್ರ ಒಂದೇ. ಮೂರು ಓದಿದವರಿಗೆ ಸಾಮಾನ್ಯ ಅಧ್ಯಯನ ಹಗುರ. ತತ್ವಶಾಸ್ತ್ರದ ಸಿಲಬಸ್ ಚಿಕ್ಕದು ಅಂತ ಕೋಚಿಂಗ್‌ನವರು ಅದನ್ನು ಐಚ್ಛಿಕ ಮಾಡಿಕೊಳ್ಳಿ ಅನ್ನುತ್ತಾರೆ. ಆದರೆ ಯುಪಿಎಸ್‌ಸಿಗಾಗಿಯೇ ಈ ಮೂರು ವಿಷಯದ ಪದವಿ ಹಿಡಿಯುವವರನ್ನು ಕಂಡರೆ ನನಗೆ ಗಾಬರಿ. ಪರೀಕ್ಷೆ ಕೈಕೊಟ್ಟರೆ ಉಳಿಯುವುದು ಪದವಿ ಮಾತ್ರ. ಅದು ಇಷ್ಟಪಟ್ಟು ಓದಿದ್ದಾಗಿರಬೇಕು, ಅಲ್ವಾ?

ನನ್ನನ್ನು ಕೇಳಿದರೆ

ಗಣಿತ ಚೆನ್ನಾಗಿ ಬರುತ್ತದೆ, ಎಂ.ಎ. ವರೆಗೆ ಓದುವ ತಾಳ್ಮೆ ಇದೆ: ಗೋಖಲೆ, ಆಮೇಲೆ ಐಜಿಐಡಿಆರ್. ತತ್ವಶಾಸ್ತ್ರ ಸ್ವಂತ ಓದಿಗೆ. ಸೈನ್ಸ್ ಓದಿದ ಮಗು, ಬಿಟ್‌ಸ್ಯಾಟ್‌ನಲ್ಲಿ ಸ್ಕೋರ್ ಇದೆ, ದುಡ್ಡಿನ ಅನುಕೂಲ ಇದೆ: ಬಿಟ್ಸ್ ಗೋವಾ. ಗಣಿತ ಸಾಧಾರಣ, ಓದುವ ಹುಚ್ಚು ಜಾಸ್ತಿ, ಮನೆಯಲ್ಲಿ ದುಡ್ಡು ಕಡಿಮೆ: ಪುಣೆಯವರಾದರೆ ಫರ್ಗ್ಯುಸನ್, ಮುಂಬೈಯವರಾದರೆ ರುಯಿಯಾ, ಮೇಜರ್ ಅರ್ಥಶಾಸ್ತ್ರ, ಮೈನರ್ ತತ್ವಶಾಸ್ತ್ರ. ಪುಣೆಯಲ್ಲಿ ಹಾಸ್ಟೆಲ್ ಸಿಗದಿದ್ದರೆ ಸಂಬಂಧಿಕರ ಮನೆಯಲ್ಲಿ ಇಡುವ ಯೋಚನೆ ನಮ್ಮವರಿಗೆ ಮೊದಲು ಬರುತ್ತದೆ. ಕಾತ್ರಜ್‌ನಲ್ಲಿರುವ ಅತ್ತೆ ಮನೆಯಿಂದ ದಿನಾ ಫರ್ಗ್ಯುಸನ್‌ಗೆ ಬಸ್ಸಿನಲ್ಲಿ ಬರುವುದು ಎಷ್ಟು ಹೊತ್ತು ಅಂತ ಒಂದು ದಿನ ಬೆಳಗ್ಗೆ ನೀವೇ ಬಂದು ನೋಡಿ.

ಎಸ್‌ಪಿ ತೆಗೆದುಕೊಂಡು ಹನ್ನೆರಡನೇ ಮುಗಿಸಿ, ಈಗ ಅರ್ಥಶಾಸ್ತ್ರ ಬೇಕು ಅನ್ನುವ ಮಕ್ಕಳು ಪ್ರತಿ ಜೂನ್‌ನಲ್ಲೂ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ಬಿ.ಎ. ಅರ್ಥಶಾಸ್ತ್ರಕ್ಕೆ ಸೇರಿ. ಸೇರಿದ ದಿನದಿಂದಲೇ ಹನ್ನೊಂದು, ಹನ್ನೆರಡನೇ ಸೈನ್ಸಿನ ಗಣಿತ ಪುಸ್ತಕ ತಂದು ಕ್ಯಾಲ್ಕುಲಸ್ ಅಧ್ಯಾಯಗಳನ್ನು ಮಾಡುತ್ತಾ ಹೋಗಿ. ಮನೆ ಹತ್ತಿರ ಇಂಜಿನಿಯರಿಂಗ್ ಓದುವ ಅಣ್ಣನೋ ಅಕ್ಕನೋ ಇದ್ದರೆ ವಾರಕ್ಕೆ ಒಂದು ದಿನ ಕೂರಿಸಿಕೊಳ್ಳಿ. ಎಫ್‌ವೈ ಮುಗಿಯುವ ಹೊತ್ತಿಗೆ ಡಿಫರೆನ್ಷಿಯೇಷನ್ ಕೈಗೆ ಬಂದಿದ್ದರೆ ಎಂ.ಎ.ವರೆಗೂ ಅರ್ಥಶಾಸ್ತ್ರ ನಿಮ್ಮದೇ. ಬರದಿದ್ದರೆ ಎಸ್‌ವೈ ಶುರುವಾಗುವ ಮೊದಲೇ ಆಫೀಸಿಗೆ ಹೋಗಿ, ಮೇಜರ್ ರಾಜ್ಯಶಾಸ್ತ್ರಕ್ಕೆ ಬದಲಿಸಲು ಅರ್ಜಿ ಕೊಡುವ ಕೊನೆಯ ದಿನ ಯಾವುದು ಅಂತ ಕೇಳಿಕೊಂಡು ಬನ್ನಿ.